ಮೂರು ಸ್ಟಾರ್, ಅದರಾಗ ಎರಡು ಹಗಲಿ ಪಾಳೇದ ಸಿಸ್ಟರ್‌ಗೆ

ಹುಬ್ಬಳ್ಳಿದ ಒಂದು ಪ್ರೈವೇಟ್ ಆಸ್ಪತ್ರಿಯೊಳಗ ಅಪ್ಪಾಜೀನ್ನ ಎಂಟು ದಿನ ಇಟ್ಟಿದ್ವಿ, ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲಬು ಮುರದಿತ್ತು. ಹೆಸರು ಬರ್ಯಂಗಿಲ್ರಿ, ಇನ್ನೂ ಫಾಲೋಅಪ್‌ಗೆ ಅಲ್ಲೇ ಹೋಗಬೇಕು. ಆಪರೇಶನ್ ಚಲೋ ಆತು. ಕ್ಯಾಂಟೀನ್ ಚಾ ಬರೇ ಬಿಸಿನೀರು. ನಾ ದಿನಾ ಧಾರವಾಡದಿಂದ ಚಿಗರಿ ಬಸ್ಸಿಗೆ ಹೋಗತಿದ್ದೆ, ಪಾರ್ಕಿಂಗ್ ಕತಿ ಗೊತ್ತಿಲ್ಲ.

ಕ್ವಾಲಿಟಿ ಬೋರ್ಡ್ ಅಂತೂ ಒಳಗ ಕಾಲಿಟ್ಟ ಕೂಡ್ಲೇ ಕಾಣತೈತಿ. ಪ್ರತಿ ಕಾಟಿನ ಮ್ಯಾಲೆ ಕೈ ಯಾವಾಗ ತೊಳಿಬೇಕನ್ನೂ ಐದು ಚಿತ್ರದ ಪೋಸ್ಟರ್. ಹಗಲಿ ಸಿಸ್ಟರ್ ಅದನ್ನ ಓದ್ಯಾಳ, ಉಳಿದವ್ರು ಬರೇ ಗ್ವಾಡಿಗೆ ಹಚ್ಯಾರ. ಆಕಿ ಬಾಜೂ ಪೇಶಂಟ್ ಮುಟ್ಟಿ ಇತ್ತಾಗ ಬರೂಕಿಂತ ಮದ್ಲ ಹ್ಯಾಂಡ್‌ರಬ್ ಹಚ್ಚಿ ಬೆರಳ ಸಂದಿ, ಹೆಬ್ಬಟ್ಟು ಎಲ್ಲಾ ತಿಕ್ಕೇ ತಿಕ್ಕತಿದ್ಳು, ನಾ ಒಮ್ಮೆ ಗಡಿಯಾರ ನೋಡಿದೆ, ಸಮಾ 25 ಸೆಕೆಂಡ್. ಸಲೈನ್ ಸೂಜಿ ಪ್ಲಾಸ್ಟರ್ ಮ್ಯಾಲೆ ತಾರೀಖು, ಟೈಮ್ ಬರಿಯೂದು, ಇಂಜೆಕ್ಷನ್ ಸೂಜಿಗೆ ಮತ್ತ ಟೊಪಗಿ ಹಾಕದ ಸೀದಾ ಬಿಳಿ ಡಬ್ಬಿಗೆ ಹಾಕೂದು. ಗುಳಿಗಿ ಕೊಡೂ ಮುಂದ ಪ್ರತಿ ಸಲ ಹೆಸರು ಕೇಳಾಕಿ. ಐದನೇ ದಿನ ಅಪ್ಪಾಜಿ ಸಿಟ್ಟಿಗೆದ್ದು "ನನ್ನ ಹೆಸರು ಮರತೀಯೇನವಾ?" ಅಂದ್ರು. "ಮರತಿಲ್ರೀ ಅಜ್ಜಾರ, ಆ ಮೂಲಿ ಕಾಟಿನ್ಯಾಗೂ ಒಬ್ರು ಬಸವರಾಜ ಅದಾರ, ಅವ್ರದು ಶುಗರ್ ಗುಳಿಗಿ" ಅಂದ್ಳು. ಅಪ್ಪಾಜಿ ಸುಮ್ನಾದ್ರು. ನಮ್ಮ ಕಡೆ ಬಸವರಾಜಗೋಳಿಗೇನ್ ಬರಾ!

ರಾತ್ರಿ ಕತಿ ಬ್ಯಾರೆ. ಬೆನ್ನಿಗೆ ಹುಣ್ಣು ಆಗಬಾರದಂತ ಕಾಲ ನಡುವ ದಿಂಬಿಟ್ಟು ಎರಡು ತಾಸಿಗೊಮ್ಮೆ ಮಗ್ಗಲ ಬದಲಿಸಬೇಕು, ಅದಕ್ಕೊಂದು ಚಾರ್ಟ್. 10.20ಕ್ಕ ಚಾರ್ಟ್ ತಗದು ನೋಡಿದ್ರ 12, 2, 4, 6 ಎಲ್ಲಾದಕ್ಕೂ ರೈಟ್ ಬಿದ್ದು ಸಹಿ ಆಗೇತಿ. ಅಪ್ಪಾಜಿ ಮಾತ್ರ ಅಂಗಾತ ಮಲಗ್ಯಾರ. ಸಿಟ್ಟು ಬಂದು ಕೇಳಿದೆ. "ಏನ್ ಮಾಡ್ಲಿರೀ ಅಣ್ಣಾರ, 22 ಪೇಶಂಟ್‌ಗೆ ನಾ ಒಬ್ಬಾಕಿ. ಚಾರ್ಟ್ ಖಾಲಿ ಬಿಟ್ರ ಮುಂಜಾನೆ ಇನ್‌ಚಾರ್ಜ್ ಬೈತಾರ, ಮಗ್ಗಲ ಬದಲಿಸದಿದ್ರ ಯಾರೂ ಕೇಳಂಗಿಲ್ಲ" ಅಂದ್ಳು ಆ ಹುಡಿಗಿ. ಸಾದಾ ವಾರ್ಡಿಗೂ ಐದಾರು ಮಂದಿಗೆ ಒಬ್ಬ ನರ್ಸ್ ಇರಬೇಕನ್ನೂದು ನಮ್ಮ ದೇಶದ್ದ ಲೆಕ್ಕ, ಹಂಗಾಗಿ ಆಕೀನ್ನ ಪೂರ್ತಿ ಬೈಯ್ಯಾಕೂ ಬಾಯಿ ಬರಲಿಲ್ಲ. ಅವತ್ತಿಂದ ಅಣ್ಣಾ ನಾನೂ ಪಾಳೇ ಹಚ್ಚಿ, ಆಕೀನ್ನೂ ಕರದು ಮೂವರು ಕೂಡಿ ಹೊರಳಿಸಿದ್ವಿ, ಬೆನ್ನು ನೆಟ್ಟಗ ಉಳೀತು.

ಡಿಸ್ಚಾರ್ಜ್ ದಿನ ಕೌಂಟರ್‌ನ್ಯಾಗ ಫೀಡ್‌ಬ್ಯಾಕ್ ಫಾರ್ಮ್ ಕೊಟ್ರು, ನರ್ಸಿಂಗ್ ಸೇವಾ ಕಾಲಮ್‌ನ್ಯಾಗ 'ಅತ್ಯುತ್ತಮ' ಅನ್ನೂದಕ್ಕ ಮದ್ಲ ರೈಟ್ ಹಾಕಿತ್ತು. ನಾ ಅದನ್ನ ಕಾಟು ಹೊಡದು 'ರಾತ್ರಿಗೆ ಇನ್ನೊಬ್ರು ಸಿಸ್ಟರ್ ಹಾಕ್ರಿ' ಅಂತ ಬರದೆ. ಹುಡುಗ ನೋಡಿ, "ಸರ್, ಇದು ಆಡಿಟ್ ಫೈಲಿಗೆ ಹೋಗೂದ್ರೀ, ಹಿಂಗ ಗೀಚಿದ್ರ ನಡಿಯಂಗಿಲ್ಲ" ಅಂತ ಹೊಸಾ ಫಾರ್ಮ್ ತಗದ. ಅದರಾಗೂ ರೈಟ್ ಇತ್ತು.