ಲೋಡರ್ ಪಂಪ್ ಬದಲಾಯಿಸೋ ಮುಂಚೆ ಸಕ್ಷನ್ ಪೈಪ್ ಬಿಚ್ಚಿ ನೋಡಿ

ಹಳೇ ಟ್ರ್ಯಾಕ್ಟರಿಗೆ ಲೋಡರ್ (ಮಣ್ಣು, ಗೊಬ್ಬರ ಎತ್ತೋ ಬಕೆಟ್) ಕಟ್ಟಿಸಿಕೊಂಡವರು ದಯವಿಟ್ಟು ಇದನ್ನು ಓದಿ. "ಪಂಪ್ ಹೋಗಿದೆ ಸ್ವಾಮಿ" ಅಂತ ಸದ್ದು ಕೇಳಿಯೇ ತೀರ್ಪು ಕೊಡೋ ಮೆಕ್ಯಾನಿಕ್ ಸಿಕ್ಕರೆ, ಸ್ಪ್ಯಾನರ್ ಹಾಕೋಕೆ ಬಿಡಬೇಡಿ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯೋಕೆ, ಕೊಟ್ಟಿಗೆ ಗೊಬ್ಬರ ತುಂಬೋಕೆ ಲೋಡರ್ ಬೇಕೇ ಬೇಕು. ಟ್ರ್ಯಾಕ್ಟರಿಗೆ ಇಪ್ಪತ್ತು ವರ್ಷ ದಾಟಿದೆ. ಲೋಡರಿಗೆ ಬೇರೆಯೇ ಆಯಿಲ್ ಟ್ಯಾಂಕ್, ಎಂಜಿನ್ ಮುಂದೆ ಕ್ರ್ಯಾಂಕ್ ಪುಲ್ಲಿಗೆ ಜೋಡಿಸಿದ ಗೇರ್ ಪಂಪ್. ಟ್ಯಾಂಕಿನ ಆಯಿಲ್ ಎಳೆದು ಪ್ರೆಶರಿನಲ್ಲಿ ತಳ್ಳಿ ಬಕೆಟ್ ಎತ್ತಿಸೋದು ಇದೇ. ಬೆಳಿಗ್ಗೆ ಚೆನ್ನಾಗಿಯೇ ಎತ್ತುತ್ತಿತ್ತು. ಬಿಸಿಲೇರಿ ಆಯಿಲ್ ಕಾದ ಮೇಲೆ ತುಂಬಿದ ಬಕೆಟ್ ಅರ್ಧಕ್ಕೆ ನಿಲ್ಲುತ್ತಿತ್ತು. ರೇಸ್ ಕೊಟ್ಟಷ್ಟೂ ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು.

ಮೆಕ್ಯಾನಿಕ್ ಬಂದ, ಸದ್ದು ಕೇಳಿದ, ಪಂಪ್ ಬಿಚ್ಚಿದ. ಪ್ರೆಶರ್ ಅಳೆಯೋ ಗೇಜ್ ಹಾಕಲಿಲ್ಲ. ಟ್ಯಾಂಕಿನ ಮುಚ್ಚಳ ಕೂಡ ತೆಗೆಯಲಿಲ್ಲ. ಅವನೇ ಹೇಳಿದ ಅಂಗಡಿಯಿಂದ 12,000 ರೂಪಾಯಿಗೆ ಹೆಸರಿಲ್ಲದ ಹೊಸ ಪಂಪ್ ಬಂತು. ಅದಕ್ಕೆ ಒಂದು ತೊಟ್ಟು ಆಯಿಲ್ ಬಿಡದೆ ಕೂರಿಸಿ ಸ್ಟಾರ್ಟ್ ಮಾಡಿದ. ಕೇಳಿದ್ದಕ್ಕೆ "ತಾನೇ ಎಳ್ಕೊಳುತ್ತೆ ಬಿಡಿ" ಅಂದ. ಗೇರ್ ಪಂಪಿಗೆ ಒಳಗಿನ ಆಯಿಲ್ಲೇ ಲೂಬ್ರಿಕೇಶನ್. ಒಣಗಿದ ಪಂಪ್ ತಿರುಗಿದರೆ ಮೊದಲ ನಿಮಿಷದಲ್ಲೇ ಗೇರು, ಸೈಡ್ ಪ್ಲೇಟು ಉಜ್ಜಿಕೊಳ್ಳುತ್ತವೆ.

ಸ್ವಲ್ಪ ದಿನಕ್ಕೆ ಮತ್ತೆ ಅದೇ ಜಲ್ಲಿ ಸದ್ದು. ಈ ಸಲ ಬೆಳಿಗ್ಗೆಯೂ ಎತ್ತುತ್ತಿರಲಿಲ್ಲ. ಅದೇ ಮೆಕ್ಯಾನಿಕ್ ಮತ್ತೆ ಬಂದು "ಪ್ರೆಶರ್ ಸಾಲ್ತಿಲ್ಲ" ಅಂತ ಕಂಟ್ರೋಲ್ ವಾಲ್ವಿನ ರಿಲೀಫ್ (ಪ್ರೆಶರ್ ಮಿತಿ ಮೀರಿದರೆ ಆಯಿಲ್ಲನ್ನು ಟ್ಯಾಂಕಿಗೆ ವಾಪಸ್ ಬಿಡೋ ವಾಲ್ವ್) ಬಿಚ್ಚಿ, ಸ್ಪ್ರಿಂಗ್ ಹಿಂದೆ ವಾಷರ್ ಇಟ್ಟು ಬಿಗಿ ಮಾಡಿದ. ಆಗಲೂ ಗೇಜ್ ಇಲ್ಲ. ಎಷ್ಟು ಬಾರ್‌ಗೆ ಏರಿಸಿದ ಅಂತ ಅವನಿಗೇ ಗೊತ್ತಿರಲಿಲ್ಲ (ಬಾರ್ ಅಂದರೆ ಪ್ರೆಶರಿನ ಅಳತೆ). ಜೊತೆಗೆ ಲೋಡರ್ ಎತ್ತುವ ಜಾಕಿನ (ಸಿಲಿಂಡರಿನ) ಒಂದು ಪೈಪ್ ಹಳೇದಾಗಿದೆ ಅಂತ ಹೊಸದು ಹಾಕಿಸಿದ. ಅದು ಒಂದೇ ಪದರ ತಂತಿಯ ಆರ್1 ಪೈಪ್. ಅರ್ಧ ಇಂಚಿನ ಆರ್1 ಪೈಪು ಸುಮಾರು 160 ಬಾರ್ ಕೆಲಸಕ್ಕೆ. ಎರಡು ಪದರದ ಆರ್2 ಸುಮಾರು 275 ಬಾರ್. ಎರಡರ ಬೆಲೆಯಲ್ಲಿ ಅಂಥ ದೊಡ್ಡ ವ್ಯತ್ಯಾಸವೂ ಇಲ್ಲ. ಪೈಪಿನ ಮೈಮೇಲೇ ಬರೆದಿರುತ್ತೆ, ಓದಿ ತಗೊಳ್ಳಿ.

ಆಮೇಲೆ ಒಂದು ಮಧ್ಯಾಹ್ನ ಗೋಡು ತುಂಬಿದ ಬಕೆಟ್ ಮೇಲಿದ್ದಾಗಲೇ ಆ ಪೈಪಿನ ತುದಿಯ ಫಿಟ್ಟಿಂಗ್ ಕಿತ್ತು ಬಂತು. ಎರಡೂ ಜಾಕಿಗೆ ಒಂದೇ ಲೈನ್ ಅಲ್ವಾ, ಒಂದು ಕಡೆ ಬಿಟ್ಟರೆ ಇಡೀ ಲೋಡರ್ ಕೆಳಗೆ. ದಪ್ ಅಂತ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಇದ್ದಿದ್ದರೆ ನಾನು ಈ ಬರಹದ ಬದಲು ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಬರೆಯುತ್ತಿದ್ದೆ. ರಿಪೇರಿಗೆ ಬಂದರೆ ಮೊದಲು ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಹಿಂದೆ ಮುಂದೆ ಆಡಿಸಿ ಉಳಿದ ಪ್ರೆಶರ್ ಬಿಡಿ. ಮೇಲೆತ್ತಿಯೇ ಕೆಲಸ ಮಾಡಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಲಿವರ್ ನ್ಯೂಟ್ರಲ್‌ನಲ್ಲಿದೆ ಅನ್ನೋದು ಸ್ಟ್ಯಾಂಡ್ ಅಲ್ಲ.

ಇನ್ನೊಂದು. ಪೈಪ್ ಬದಲಿಸಿ ಟೆಸ್ಟ್ ಮಾಡುವಾಗ ಮೆಕ್ಯಾನಿಕ್ಕಿನ ಹುಡುಗ ಲೀಕ್ ಹುಡುಕೋಕೆ ಪೈಪಿನ ಉದ್ದಕ್ಕೂ ಬರೀ ಕೈ ಸವರುತ್ತಿದ್ದ. ನಾನು ಕೂಗಿಕೊಂಡೆ. ಸೂಜಿ ಮೊನೆಯಷ್ಟು ತೂತಿನಿಂದ ಬರೋ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಬರೀ ಚುಕ್ಕಿ ಕಾಣುತ್ತೆ, ನೋವೂ ಮೊದಮೊದಲು ಕಡಿಮೆ. ಒಳಗೆ ಮಾಂಸ ಕೊಳೆತು ಬೆರಳು ತೆಗೆಯೋ ಮಟ್ಟಕ್ಕೂ ಹೋಗಬಹುದು. ಲೀಕ್ ಹುಡುಕೋಕೆ ರಟ್ಟಿನ ತುಂಡು ಹಿಡೀರಿ. ಹಾಗೇನಾದರೂ ಆದರೆ ಮುಲಾಮು ಹಚ್ಚಿ ಕೂರಬೇಡಿ. ತಕ್ಷಣ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಹೋಗಿ, ಪ್ರೆಶರಿನಲ್ಲಿ ಆಯಿಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ.

ಕೊನೆಗೆ ತುಮಕೂರಿನಿಂದ ಬೇರೆ ಮೆಕ್ಯಾನಿಕ್ ಬಂದರು, ವಯಸ್ಸಾದವರು. ಅವರು ಪಂಪ್ ಮುಟ್ಟಲೇ ಇಲ್ಲ. ಟ್ಯಾಂಕಿನಿಂದ ಪಂಪಿಗೆ ಬರೋ ಸಕ್ಷನ್ ಪೈಪಿನ ಕ್ಲಿಪ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರು. ಹೊರಗಿನಿಂದ ಗಟ್ಟಿಮುಟ್ಟಾಗಿದ್ದ ಪೈಪಿನ ಒಳಪದರ ಸಿಪ್ಪೆಯಂತೆ ಎದ್ದಿತ್ತು. ಆಯಿಲ್ ಕಾದು ರಬ್ಬರ್ ಮೆತ್ತಗಾದಾಗ, ರೇಸ್ ಜಾಸ್ತಿಯಾಗಿ ಪಂಪ್ ಜೋರಾಗಿ ಎಳೆದಾಗ, ಆ ಸಿಪ್ಪೆ ದಾರಿ ಮುಚ್ಚುತ್ತಿತ್ತು. ಆಯಿಲ್ ಸಿಗದ ಪಂಪಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ, ಜಲ್ಲಿ ಸದ್ದು ಅದೇ. ಅದು ಲೋಹವನ್ನೇ ಕೊರೆಯುತ್ತೆ. ಒಣಗಿದ್ದಾಗಲೇ ತಿರುಗಿ ಉಜ್ಜಿಕೊಂಡಿದ್ದ ಹೊಸ ಪಂಪನ್ನು ಪೂರ್ತಿ ಕೊಂದಿದ್ದೂ ಅದೇ. ಆ ಪಂಪಿನ ಲೋಹದ ಪುಡಿ ಹೋಗಿ ರಿಲೀಫ್ ವಾಲ್ವಿನ ಸೀಟಿನಲ್ಲಿ ಕೂತು ಆಯಿಲ್ಲನ್ನು ವಾಪಸ್ ಟ್ಯಾಂಕಿಗೆ ಬಿಡುತ್ತಿತ್ತು. ಆ ಪುಡಿ ಅಲ್ಲಿದ್ದಾಗ ವಾಷರ್ ಇಟ್ಟು ಬಿಗಿ ಮಾಡಿದ್ದು. ಪುಡಿ ಸರಿದುಹೋದ ಗಳಿಗೆಯಲ್ಲಿ ಪೂರ್ತಿ ಪ್ರೆಶರ್ ಪೈಪಿನ ಮೇಲೆ ಬಿತ್ತು.

ಟ್ಯಾಂಕಿನ ತಳದಲ್ಲಿ ಮಿನುಗೋ ಪುಡಿ ಇತ್ತು. ಟ್ಯಾಂಕ್ ತೊಳೆದು, ವಾಲ್ವ್ ಪೂರ್ತಿ ಬಿಚ್ಚಿ ಶುಚಿ ಮಾಡಿ, ಜಾಕುಗಳ ಆಯಿಲ್ ಚೆಲ್ಲಿ, ಫಿಲ್ಟರ್ ಹೊಸದು ಹಾಕಿದರು. ಇಷ್ಟು ಮಾಡದೆ ಮತ್ತೊಂದು ಪಂಪ್ ಹಾಕಿದ್ದರೆ ಅದೂ ಇದೇ ಪುಡಿ ನುಂಗುತ್ತಿತ್ತು. ಸಕ್ಷನ್ ಪೈಪಿಗೆ ಒಳಗೆ ಸುರುಳಿ ತಂತಿ ಇರೋದನ್ನೇ ಹಾಕಿಸಿ. ನೀರಿನ ಪೈಪ್, ಡೀಸೆಲ್ ಪೈಪ್ ಆಗಲ್ಲ. ಕ್ಲಿಪ್ ಸಡಿಲ ಇದ್ದರೂ ಇದೇ ಸದ್ದು ಬರುತ್ತೆ, ಆಗ ಟ್ಯಾಂಕಿನಲ್ಲಿ ಆಯಿಲ್ ನೊರೆಯಾಗಿರುತ್ತೆ. ರಿಲೀಫನ್ನು ಗೇಜ್ ಹಾಕಿ, ಲೋಡರಿನ ಕಂಪನಿ ಹೇಳಿದ ಅಂಕಿಗೆ ಸೆಟ್ ಮಾಡಿಸಿ.

ಹಳೇ ಪಂಪನ್ನು ನಾನು ಮನೆಗೆ ತಂದಿಟ್ಟಿದ್ದೆ, ಅದೊಂದು ಪುಣ್ಯ. ಬಿಚ್ಚಿ ನೋಡಿದರೆ ಸ್ವಲ್ಪ ಸವೆದಿತ್ತು ಅಷ್ಟೇ. ಸೀಲ್ ಕಿಟ್ ಹಾಕಿಸಿ ಅದನ್ನೇ ಕೂರಿಸಿದೆವು, ಈಗ ಅದೇ ಓಡುತ್ತಿದೆ. ಮೆಕ್ಯಾನಿಕ್ಕಿಗೆ ಬಿಚ್ಚಿದ ಸಾಮಾನು ಯಾವತ್ತೂ ಬಿಟ್ಟುಕೊಡಬೇಡಿ. ಹೊಸದು ತರಬೇಕಾದರೂ ಹಳೇದನ್ನು ಅಂಗಡಿಗೆ ಒಯ್ದು ಸಿಸಿ (ಒಂದು ಸುತ್ತಿಗೆ ತಳ್ಳೋ ಆಯಿಲ್ ಅಳತೆ), ಶಾಫ್ಟ್, ತಿರುಗೋ ದಿಕ್ಕು ಮೂರೂ ಹೋಲಿಸಿ. ದಿಕ್ಕು ಉಲ್ಟಾ ಆದರೆ ಶಾಫ್ಟ್ ಸೀಲ್ ಹಾರಿಹೋಗುತ್ತೆ.

ಅಂಗಡಿಯವರು "ಒಂದ್ಸಲ ಫಿಟ್ ಆದ್ಮೇಲೆ ವಾಪಸ್ ಇಲ್ಲ" ಅಂದುಬಿಟ್ಟರು. ಬಿಲ್ಲೂ ಕೊಟ್ಟಿರಲಿಲ್ಲ. ಮೊದಲಿನ ಮೆಕ್ಯಾನಿಕ್ ಈಗಲೂ ಬಾಕಿ ಕೂಲಿ ಕೇಳೋಕೆ ಫೋನ್ ಮಾಡ್ತಾನೆ. ರಿಲೀಫಿನಿಂದ ತೆಗೆದ ವಾಷರ್ ನನ್ನ ಹತ್ರ ಇದೆ, ಬಂದು ಅದನ್ನೂ ತಗೊಂಡು ಹೋಗು ಅಂದಿದ್ದೀನಿ. ಇನ್ನೂ ಬಂದಿಲ್ಲ.