ಬ್ಲೂಟೂತ್ ಒಬಿಡಿ ಸ್ಕ್ಯಾನರ್: ಎಂಜಿನ್ ದೀಪದ ಕಾರಣ ತಿಳಿಯಲು

ಹುಬ್ಬಳ್ಳಿ–ಧಾರವಾಡ ನಡುವೆ ನಿತ್ಯ ಕಾರು ಓಡಿಸುವವರು ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಪುಟ್ಟ ಸಾಧನವನ್ನು ಇಟ್ಟುಕೊಳ್ಳಲೇಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ, ಕೀ ತಿರುಗಿಸಿ, ಮೊಬೈಲ್‌ನಲ್ಲಿ ಆ್ಯಪ್ ತೆರೆದರೆ ದೋಷದ ಕೋಡ್ ಕಾಣುತ್ತದೆ.

ಮಳೆಗಾಲದಲ್ಲಿ ನವಲೂರಿನ ಬಳಿ ನನ್ನ ಪೆಟ್ರೋಲ್ ಕಾರಿನ ಎಂಜಿನ್ ನಡುಗಿ, ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಮಿನುಗತೊಡಗಿತು. ದೀಪ ಸ್ಥಿರವಾಗಿ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಗಾಡಿ ನಿಲ್ಲಿಸಬೇಕು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಮುಂದೆ ಹೋಗಿ ಹೊಗೆಯನ್ನು ಶುದ್ಧಗೊಳಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡಬಲ್ಲದು. ಒಂದು ಗ್ಯಾರೇಜಿನವರು ಬಾನೆಟ್ಟನ್ನೂ ಎತ್ತದೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನೆಲ್ಲ ಬದಲಿಸಬೇಕೆಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಸ್ಕ್ಯಾನರ್ ತೋರಿಸಿದ್ದು ಪಿ0302, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಹೇಳುವುದು ತೊಂದರೆಯ ಜಾಗವನ್ನು, ಕೆಟ್ಟ ಭಾಗವನ್ನಲ್ಲ. ಗೋಕುಲ ರಸ್ತೆಯ ಮತ್ತೊಬ್ಬ ಮೆಕ್ಯಾನಿಕ್ ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) ಮೂರನೆಯದರ ಕಾಯಿಲಿನೊಂದಿಗೆ ಅದಲುಬದಲು ಮಾಡಿ ಎಂಜಿನ್ ಓಡಿಸಿದರು. ಕೋಡ್ ಪಿ0303 ಆಯಿತು! ಕಾಯಿಲ್ ಹೋದಲ್ಲಿಗೇ ದೋಷವೂ ಹೋಗಿತ್ತು. ಅದೊಂದನ್ನೇ ಬದಲಿಸಿದೆವು. ಎಂಥ ಅಚ್ಚುಕಟ್ಟಾದ ಪರೀಕ್ಷೆ!

ಕೊರತೆಗಳೂ ಇವೆ. ನನ್ನ ಕಾರಿನ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೋಷಗಳನ್ನು ಇದು ಓದುವುದಿಲ್ಲ. ವಾರಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಇಳಿಯಬಹುದು.

ಆ್ಯಪ್‌ನಲ್ಲಿ ಕೋಡ್ ಅಳಿಸುವ ಗುಂಡಿಯೂ ಇದೆ. ದುರಸ್ತಿಗೆ ಮೊದಲು ದಯವಿಟ್ಟು ಅದನ್ನು ಒತ್ತಬೇಡಿ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು ಎಂಬ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾದದ್ದು ಅದೇ.