ಅನುಪಾತದ ಅಂಕಿ ಮತ್ತು ನಾನು ಕುಳಿತ ಮೂರು ತರಗತಿಗಳು

ಪದವಿಯ ಮೊದಲ ಎರಡು ವರ್ಷಗಳನ್ನು ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಅನಂತರ ಅದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವೊಂದನ್ನು ಸೇರಿದೆ. ಬಾಕಿ ಉಳಿದಿದ್ದ ಒಂದೆರಡು ಆರಂಭಿಕ ಕೋರ್ಸುಗಳನ್ನು ಅಲ್ಲಿಯೇ ಮುಗಿಸಬೇಕಾಗಿ ಬಂದುದರಿಂದ, ಒಂದೇ ಮಟ್ಟದ ಪಾಠವನ್ನು ಪೂರ್ಣಾವಧಿ ಬೋಧಕರ ತರಗತಿ, ಅರೆಕಾಲಿಕ ಬೋಧಕರ ಸಂಜೆಯ ತರಗತಿ ಮತ್ತು ವಿಶ್ವವಿದ್ಯಾಲಯದ ಸಭಾಂಗಣ ಈ ಮೂರು ಕಡೆಯೂ ಕೇಳಿದ್ದೇನೆ. ಸೇರುವ ಮುಂಚೆ ನಮ್ಮ ಮನೆಯಲ್ಲಿ ಹೋಲಿಸಿ ನೋಡಿದ್ದು ವಿದ್ಯಾರ್ಥಿ–ಬೋಧಕ ಅನುಪಾತವೊಂದನ್ನೇ. ಅದರಲ್ಲಿ ವಿಶ್ವವಿದ್ಯಾಲಯವೇ ಉತ್ತಮವಾಗಿತ್ತು, ಅಂದರೆ ಒಬ್ಬ ಬೋಧಕರ ಪಾಲಿಗೆ ಕಡಿಮೆ ವಿದ್ಯಾರ್ಥಿಗಳು.

ತರಗತಿಯಲ್ಲಿ ಕಂಡದ್ದು ಬೇರೆ. ಕಾಲೇಜಿನ ಕಲನಶಾಸ್ತ್ರದ ತರಗತಿಯಲ್ಲಿ ನಾವು ಮೂವತ್ತೈದು ಜನರಿದ್ದೆವು. ವಿಶ್ವವಿದ್ಯಾಲಯದಲ್ಲಿ ನಾನು ರಸಾಯನಶಾಸ್ತ್ರ ಕೇಳಿದ ಸಭಾಂಗಣದಲ್ಲಿ ಸುಮಾರು ಮುನ್ನೂರು ಜನರಿದ್ದರು. ಪ್ರಾಧ್ಯಾಪಕರು ಉಪನ್ಯಾಸ ಮುಗಿಸಿ ಹೊರಟರೆ, ಸಂದೇಹಗಳನ್ನು ವಾರಕ್ಕೊಮ್ಮೆ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬಗೆಹರಿಸುತ್ತಿದ್ದರು. ಇದಕ್ಕೆ ಕಾರಣ ಬೋಧನಾ ಹೊರೆಯಲ್ಲಿದೆ. ಸೆಮಿಸ್ಟರ್ ಪದ್ಧತಿಯ ಕಮ್ಯುನಿಟಿ ಕಾಲೇಜಿನ ಪೂರ್ಣಾವಧಿ ಬೋಧಕರು ಸಾಮಾನ್ಯವಾಗಿ ಒಂದು ಸೆಮಿಸ್ಟರಿಗೆ ಐದು ತರಗತಿಗಳನ್ನು ತೆಗೆದುಕೊಳ್ಳುತ್ತಾರೆ. ಸಂಶೋಧನೆಯೂ ಕರ್ತವ್ಯವಾಗಿರುವ ಪ್ರಾಧ್ಯಾಪಕರು ಒಂದೋ ಎರಡೋ. ಅನುಪಾತದ ಲೆಕ್ಕದಲ್ಲಿ ಮಾತ್ರ ಇಬ್ಬರೂ ತಲಾ ಒಬ್ಬೊಬ್ಬರೇ.

ಕಾಲೇಜಿನ ಅಂಕಿಯೊಳಗೂ ಒಂದು ಮರೆ ಇದೆ. ಅಮೆರಿಕದಲ್ಲಿ ಈ ಅನುಪಾತವನ್ನು ಲೆಕ್ಕ ಹಾಕುವ ರೂಢಿಯ ಸೂತ್ರದಲ್ಲಿ ಅರೆಕಾಲಿಕ ವಿದ್ಯಾರ್ಥಿಯನ್ನೂ ಅರೆಕಾಲಿಕ ಬೋಧಕರನ್ನೂ ಮೂರನೇ ಒಂದು ಭಾಗವೆಂದು ಹಿಡಿಯುತ್ತಾರೆ. ಐದು ಸಾವಿರ ಪೂರ್ಣಾವಧಿ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಇನ್ನೂರು ಪೂರ್ಣಾವಧಿ ಬೋಧಕರಿದ್ದರೂ 25:1. ನೂರು ಪೂರ್ಣಾವಧಿಯವರೂ ಮುನ್ನೂರು ಅರೆಕಾಲಿಕರೂ ಇದ್ದರೂ ಅದೇ 25:1. ಈ ಎರಡು ಕಾಲೇಜುಗಳು ವಿದ್ಯಾರ್ಥಿಯ ಪಾಲಿಗೆ ಒಂದೇ ಅಲ್ಲವೆಂಬುದನ್ನು ನಾನು ಎರಡನೆಯ ವರ್ಷದಲ್ಲಿ ಅರಿತೆ.

ಸಂಜೆಯ ಭೌತಶಾಸ್ತ್ರ ಕಲಿಸಿದವರು ಅರೆಕಾಲಿಕ ಬೋಧಕರು. ನಾನು ಕಂಡ ಅತ್ಯುತ್ತಮ ಶಿಕ್ಷಕರಲ್ಲಿ ಅವರೂ ಒಬ್ಬರು ಎಂಬುದನ್ನು ಮೊದಲೇ ಹೇಳಬೇಕು. ಆದರೆ ಅವರಿಗೆ ಕಾಲೇಜಿನಲ್ಲಿ ಸ್ವಂತ ಕೊಠಡಿ ಇರಲಿಲ್ಲ, ಮತ್ತು ಹಗಲಿನಲ್ಲಿ ಅವರು ಬೇರೊಂದು ಕಾಲೇಜು ಜಿಲ್ಲೆಯ (ಒಂದು ಅಥವಾ ಹೆಚ್ಚು ಕಮ್ಯುನಿಟಿ ಕಾಲೇಜುಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ) ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಅರೆಕಾಲಿಕ ಬೋಧಕರು ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣಾವಧಿ ಹೊರೆಯ ಶೇ. 67ಕ್ಕಿಂತ ಹೆಚ್ಚು ಕಲಿಸುವಂತಿಲ್ಲವಾದ್ದರಿಂದ, ಜೀವನ ಸಾಗಿಸಲು ಎರಡು ಮೂರು ಕಡೆ ಓಡಾಡುವುದು ಅವರಿಗೆ ಅನಿವಾರ್ಯ. ಅಲ್ಲಿನವರು ಇಂಥವರನ್ನು ಫ್ರೀವೇ ಫ್ಲೈಯರ್ (ಹೆದ್ದಾರಿಯಲ್ಲಿ ಹಾರಾಡುವವರು) ಎಂದೇ ಕರೆಯುತ್ತಾರೆ. ಕೋನೀಯ ಸಂವೇಗವನ್ನು ಅವರು ನನಗೆ ವಿವರಿಸಿದ್ದು ರಾತ್ರಿ ಒಂಬತ್ತೂವರೆಗೆ, ವಾಹನ ನಿಲ್ದಾಣದಲ್ಲಿ, ತಮ್ಮ ಕಾರಿನ ಬಾನೆಟ್ ಮೇಲೆ ಹಾಳೆಯಿಟ್ಟು. ಆ ಹತ್ತು ನಿಮಿಷಕ್ಕೆ ಅವರಿಗೆ ಸಂಬಳವಿರಲಿಲ್ಲ. ಮುಂದಿನ ಅವಧಿಗೆ ಅವರಿಗೆ ತರಗತಿ ಸಿಗಲಿಲ್ಲ, ವಿದ್ಯಾರ್ಥಿವೇತನದ ಶಿಫಾರಸು ಪತ್ರ ಕೇಳಲು ಹೋದಾಗ ಅವರ ವಿಳಾಸವೂ ಸಿಗಲಿಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ಬಲ್ಲವರಿಗೆ ಈ ಪರಿಸ್ಥಿತಿ ಹೊಸದಲ್ಲ.

ಕಲನಶಾಸ್ತ್ರದ ಪೂರ್ಣಾವಧಿ ಬೋಧಕಿಯಾದರೋ ವಾರದಲ್ಲಿ ನಾಲ್ಕು ದಿನ ತಮ್ಮ ಕೊಠಡಿಯಲ್ಲಿ ಸಿಗುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ ನಾನು ಹಿಂದೆ ಬಿದ್ದಾಗ ಕರೆದು ಕೂರಿಸಿ, ಬೀಜಗಣಿತದಲ್ಲೇ ನನ್ನ ತಪ್ಪಿರುವುದನ್ನು ತೋರಿಸಿಕೊಟ್ಟರು. ಪಾಠದ ಗುಣದಲ್ಲಿ ಇವರಿಬ್ಬರ ನಡುವೆ ನಾನು ಹೆಚ್ಚು ಕಡಿಮೆ ಎಣಿಸಲಾರೆ. ಇದ್ದ ವ್ಯತ್ಯಾಸವೆಲ್ಲ ಕಾಲೇಜು ಅವರನ್ನು ನಡೆಸಿಕೊಂಡ ರೀತಿಯಲ್ಲಿತ್ತು. ಪಾಠದ ಗಂಟೆಗಳಲ್ಲಿ ಶೇ. 75ರಷ್ಟು ಪೂರ್ಣಾವಧಿ ಬೋಧಕರದಾಗಿರಬೇಕೆಂಬ ಗುರಿಯನ್ನು ಆ ರಾಜ್ಯ 1988ರಲ್ಲೇ ಕಾನೂನಿನಲ್ಲಿ ಬರೆದುಕೊಂಡಿದ್ದರೂ ಅರೆಕಾಲಿಕರ ಮೇಲಿನ ಅವಲಂಬನೆ ಕಡಿಮೆಯಾಗದಿರುವುದು ನನಗೆ ನೋವಿನ ಸಂಗತಿ.

ವಿಶ್ವವಿದ್ಯಾಲಯದ ನಿಜವಾದ ಲಾಭ ದೊರೆತದ್ದು ಮೂರನೆಯ ವರ್ಷದಿಂದ, ಪ್ರಯೋಗಾಲಯದಲ್ಲಿ. ಆರಂಭಿಕ ಗಣಿತ, ವಿಜ್ಞಾನಗಳಿಗೆ ಮಾತ್ರ ನನ್ನ ಆಯ್ಕೆ ಕಮ್ಯುನಿಟಿ ಕಾಲೇಜಿನ ಪೂರ್ಣಾವಧಿ ಬೋಧಕರ ತರಗತಿ, ಅದು ಸಿಗದಿದ್ದರೆ ಅರೆಕಾಲಿಕರದು, ಕೊನೆಗೆ ಸಭಾಂಗಣ. ಕಳೆದ ವರ್ಷ ತಂಗಿ ಕಾಲೇಜು ಸೇರುವಾಗ ನಾವಿಬ್ಬರೂ ಅನುಪಾತದ ಪುಟವನ್ನು ಬದಿಗಿಟ್ಟು ವೇಳಾಪಟ್ಟಿಯನ್ನು ತೆರೆದುಕೊಂಡೆವು. ಪ್ರತಿ ತರಗತಿಯ ಬೋಧಕರಿಗೆ ಕೊಠಡಿ ಸಂಖ್ಯೆ ಇದೆಯೇ, ಭೇಟಿಯ ವೇಳೆ ಎಷ್ಟು ಎಂಬುದನ್ನು ಗುರುತು ಹಾಕಿಕೊಂಡೆವು.